ಭರತದ ಗೆರೆ

ಮೇಲಿಂದ ನೋಡಿದರೆ ಸರಿಯೇ ಇದೆ.
ಹಳದಿ ಗೆರೆ ಮರಳಿಗೆ ಅಂಟಿಕೊಂಡು ಮಲಗಿದೆ.
ಮೌಸ್ ಒತ್ತಿ ಲೋಕವನ್ನು ಚೂರು ವಾಲಿಸಿದೆನೋ,
ಅದೇ ಗೆರೆ ನೆಲಕ್ಕಿಂತ ಒಂದು ಮೊಳ ಮೇಲೆ,
ಬಟ್ಟೆ ಒಣಗಿಸುವ ಹಗ್ಗ.
"ತೇಲ್ತಾ ಉಂಟು ನೋಡು ನಿಂದು," ಎನ್ನುತ್ತಾಳೆ ಸಲೋಮಿ
ಬೆನ್ನ ಹಿಂದೆ, ಬಾಯಲ್ಲಿ ಖಾರಿ ಬಿಸ್ಕೀಟು.
ಕೆಳಗಿನ ಬೇಕರಿಯದು. ಕಾಜುಬಾಗದ ಈ ಮಹಡಿಗೆ
ದಿನಕ್ಕೆ ನಾಲ್ಕು ಸಲ ಅದರ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ.

ಕೆಲಸ ಇಷ್ಟೇ. ವಿಮಾನವೊಂದು ಬೆಳಕು ಚೆಲ್ಲಿ ಹೋಗಿದೆ,
ಬೆಳಕು ಮುಟ್ಟಿದ್ದೆಲ್ಲ ಚುಕ್ಕಿಯಾಗಿ ಮರಳಿದೆ:
ಮರಳು, ಬಂಡೆ, ಮಗುಚಿಟ್ಟ ದೋಣಿಯ ಬೆನ್ನು, ಗಾಳಿಮರದ ತುದಿ.
ಚುಕ್ಕಿಗಳ ನಡುವೆ ನಾನು ಗೆರೆ ಹಾಯಿಸಬೇಕು.
ಗೆರೆಯ ಮೈತುಂಬ ಗಂಟು. ಇಂಗ್ಲಿಷಿನಲ್ಲಿ ಬೇರೆ ಹೆಸರಿದೆ,
ಬಲೆಯ ಮನೆಯವಳು ನಾನು, ನನಗೆ ಗಂಟೇ.
ಗಂಟು ಹಿಡಿದು ಜಗ್ಗಿದರೆ ಗೆರೆ ಜೊತೆಗೆ ಬರುತ್ತದೆ.
ಎರಡರ ನಡುವೆ ಒತ್ತಿದರೆ ಹೊಸತೊಂದು ಹುಟ್ಟುತ್ತದೆ.
ಒಂದನ್ನು ಅಳಿಸಿದರೆ ಗೆರೆ ಬಿಗಿದುಕೊಳ್ಳುತ್ತದೆ
ಸುಳ್ಳು ಹೇಳಿ ಮುಗಿಸಿದವರ ತುಟಿಯ ಹಾಗೆ.

ನೀರು ಮಾತ್ರ ಬೆಳಕನ್ನು ವಾಪಸು ಕೊಡುವುದಿಲ್ಲ.
ಪರದೆಯಲ್ಲಿ ಸಮುದ್ರವೆಂದರೆ ಕಪ್ಪು. ಏನೂ ಇಲ್ಲ.
ಅಷ್ಟು ಬಾಂಗಡೆ, ಅಷ್ಟು ಡೀಸೆಲ್ಲು, ಅಷ್ಟೊಂದು ಬೈಗುಳ,
ಎಲ್ಲ ಹೋಗಿ ಬರುವುದು ಈ ಏನೂ ಇಲ್ಲದ್ದರೊಳಗೆ.
ಮೊದಲ ವಾರ ನೋಡಿ ಹೊಟ್ಟೆ ತೊಳಸಿತ್ತು.

ಮಂಗಳವಾರ ಬಂದ ಫೈಲಿಗೆ ಹೆಸರಿಲ್ಲ, ಅಂಕೆ ಮಾತ್ರ.
ತೆರೆದೆ. ತಿರುಗಿಸಿದೆ. ಮೂಗಿನ ಹಾಗೆ ಚಾಚಿದ ಬಂಡೆ,
ಎಡಕ್ಕೆ ಮಾಡು ಕುಸಿದ ಐಸಿನ ಮನೆ.
ಮಾಜಾಳಿ.
ಕೂಗಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಂಡೆ.
ರಂಪಣಿ ನಡೆದಿದೆ: ಎರಡು ಸಾಲು ಜನ,
ಒಬ್ಬೊಬ್ಬರೂ ಹತ್ತು ಹನ್ನೆರಡು ಚುಕ್ಕಿ, ಹಿಂದಕ್ಕೆ ವಾಲಿದವರು.
ಹಗ್ಗ ತೆಳು, ಬೆಳಕಿಗೆ ಸಿಕ್ಕಿಲ್ಲ.
ಇಲ್ಲದ ಹಗ್ಗ ಹಿಡಿದು ಇಲ್ಲದ ಕಡಲನ್ನು
ದಡಕ್ಕೆ ಎಳೆಯುತ್ತಿದ್ದಾರೆ ನಮ್ಮ ಕೇರಿಯವರು.

ಅಲ್ಲೇ ಮೇಲೆ ಚಂದ್ರಾವತಿ ಮಾವಶಿಯ ಮೀನು ಒಣಗಿಸುವ ಚಪ್ಪರ.
ನಾಲ್ಕು ಕಂಬ, ಒಂದು ಚೂರು ತಗಡು.
ಭರತದ ಗೆರೆ ಎಳೆಯಿರಿ, ಎನ್ನುತ್ತದೆ ಕೆಲಸದ ಹಾಳೆ.
ಗೆರೆಯ ಆಚೆ ಬಿದ್ದದ್ದು ಏನಾಗುತ್ತದೆ
ಎಂಬುದು ನಮ್ಮ ವಿಭಾಗವಲ್ಲ.
ಮೂವತ್ತೊಂದನೆಯ ಗಂಟು ಚಪ್ಪರದ ಬೆನ್ನಿಗೆ ಬಿತ್ತು.
ನಾಲ್ಕು ಮಾರು ಕಡಲಿನತ್ತ ಸರಿಸಿದರೆ ಚಪ್ಪರ ಈಚೆ ಉಳಿಯುತ್ತದೆ.
ಸರಿಸಿದೆ.
ಮೇಲಿಂದ ನೋಡಿದರೆ ಸರಿಯೇ.
ಪಕ್ಕಕ್ಕೆ ವಾಲಿಸಿದೆ. ಉಳಿದವೆಲ್ಲ ಒಂದೇ ಮಟ್ಟ,
ಇದೊಂದು ಕೆಳಗೆ ಕುಸಿದು
ಯಾರ ಕಣ್ಣಿಗಾದರೂ ಹೊಡೆಯುವಂತಿತ್ತು.
ಸೇವ್ ಒತ್ತದೆ ಬಸ್ಸು ಹತ್ತಿದೆ.

"ಮಾವಶಿ, ಭರತ ಎಲ್ಲೀವರೆಗೆ ಬರ್ತದೆ?"
ಮೀನು ಮಗುಚುತ್ತಿದ್ದವಳು ತಲೆ ಎತ್ತಲಿಲ್ಲ.
"ಯಾವತ್ತಿಂದು?"
ನನ್ನಲ್ಲಿ ಉತ್ತರವಿರಲಿಲ್ಲ.
"ಅಮಾಸೆದೋ, ಅಷ್ಟಮಿದೋ? ಆಷಾಢದ್ದು ಕೇಳ್ಬೇಡ."
ಕೈಲಿದ್ದ ಮೀನಿನಿಂದಲೇ ತೋರಿಸಿದಳು,
ಮುಂದಿನ ಕಂಬದ ಮೊಣಕಾಲಿಗೆ ಬಿಳಿ ಉಪ್ಪಿನ ಪಟ್ಟಿ.
ಹಿಂದಿನ ಕಂಬ ಒಣಗಿತ್ತು.
"ಬಂಡೆ ತಡೀತದೆ, ನೀರು ಇಲ್ಲಿ ಸೊಂಟ ಬಳಕಿಸ್ತದೆ.
ಕಂಬ ನಾನೇ ಎರಡು ಸಲ ಹಿಂದೆ ಹುಗಿದೆ. ಎಂತಕ್ಕೆ?"
"ಸುಮ್ನೆ."

ಬುಧವಾರ ಗಂಟನ್ನು ಇದ್ದಲ್ಲಿಗೆ ಮರಳಿಸಿದೆ.
ಅದರ ಆಚೀಚೆ ಒತ್ತಿ ಒತ್ತಿ ಹೊಸ ಗಂಟು ಹುಟ್ಟಿಸಿದೆ, ಐದು.
ಮೊದಲು ದೂರ ದೂರ ನೆಟ್ಟು ನೇರ ಎಳೆದುಬಿಟ್ಟಿದ್ದೆ,
ಬಂಡೆಯನ್ನು ಕೇಳದೆ.
ಒಂದೊಂದನ್ನೇ ಮರಳಿಗೆ ಕೂರಿಸುತ್ತ ಹೋದ ಹಾಗೆ
ಗೆರೆ ತಾನಾಗಿ ಕಡಲಿನತ್ತ ಬಳಕಿತು.
ನಾಲ್ಕು ಮಾರಿನಲ್ಲಿ ಎರಡು ಸಿಕ್ಕಿತು.
ಇನ್ನೆರಡು ಎಷ್ಟು ವಾಲಿಸಿದರೂ ಸಿಗಲಿಲ್ಲ.

ಎರಡು ಕಂಬ ಈಚೆ, ಎರಡು ಆಚೆ.
ಸಲೋಮಿ ಬಂದು ಬಗ್ಗಿ ನೋಡಿದಳು, ಕೀಬೋರ್ಡಿನ ಮೇಲೆ
ಬಿಸ್ಕೀಟಿನ ಪುಡಿ ಉದುರಿತು.
"ಈಗ ತೇಲ್ತಾ ಇಲ್ಲ," ಎಂದಳು. "ಕಳಿಸು."